ದೊರಕವ್ವ ಎಲ್ಲಿಗೆ ಹೋದಳು

13 ಜನವರಿ, ಸೋಮವಾರ. ಬೆಳಿಗ್ಗೆ 5.20

ಪೂಜೆ ಮುಗಿಯಿತು. ಇವರು ಇನ್ನೂ ಬಂದಿಲ್ಲ — ಈ ವಾರ ರಾತ್ರಿ ಪಾಳಿ. ದೊಡ್ಡನೆಕ್ಕುಂದಿ ಫ್ಯಾಕ್ಟರಿ ಗೇಟಿನಲ್ಲಿ ಇಂಥ ಥಂಡಿಯಲ್ಲಿ ಹೆಂಗೆ ನಿಲ್ಲುತ್ತಾರೋ. ಎಳ್ಳು ಹುರಿದಿಟ್ಟೆ. ಸಜ್ಜಿ ಹಿಟ್ಟು ತರಬೇಕು. ಟಿನ್ ಫ್ಯಾಕ್ಟರಿ ಹತ್ತಿರ ಒಂದೇ ಅಂಗಡಿಯಲ್ಲಿ ಸಿಗೋದು, ನಮ್ಮ ಕಡೆಯವನದು. ನಾಳೆ ಸಂಕ್ರಾಂತಿ, ರೊಟ್ಟಿ ಇಲ್ಲದೆ ಆಗೋದಿಲ್ಲ.

ಲಿಂಗದ ಶಿವದಾರ ಹಳೇದಾಗಿತ್ತು. ಹೊಸದು ಹಾಕಿಕೊಂಡೆ. ಹಾಕಿಕೊಳ್ಳುವಾಗ ಮತ್ತೆ ಕೈಗೆ ಹತ್ತಿತು. ಎಡಗಡೆ ಎದೆಯಲ್ಲಿ. ದೀಪಾವಳಿಯಲ್ಲಿ ಅವರೆಕಾಳಿನಷ್ಟಿತ್ತು. ಈಗ… ಸಣ್ಣ ಅಡಕೆ ಅನ್ನಲೇನು.

ನೋವಿಲ್ಲ. ನೋವಿಲ್ಲ ಅಂದಮೇಲೆ ಏನೂ ಅಲ್ಲ. ಎಂಟು ವರ್ಷದವಳಿದ್ದಾಗ ಮಠದ ಅಪ್ಪನವರು ಲಿಂಗ ಕಟ್ಟಿದರು. ಅವತ್ತಿನಿಂದ ಬೆಳ್ಳಿ ಕರಡಿಗೆಯೊಳಗೆ ಲಿಂಗ ಅದೇ ಜಾಗದಲ್ಲಿ ತೂಗಾಡುತ್ತದೆ. ಕರಡಿಗೆ ತಾಗಿ ತಾಗಿ ಗಂಟಾಗಿರಬೇಕು. ವಿಭೂತಿ ಹಚ್ಚಿದೆ.

ಮಗಳು ರೇವತಿಗೆ ಆರು ತಿಂಗಳು ತುಂಬಿ ಏಳರಲ್ಲಿ ಬಿತ್ತು. ಚೊಚ್ಚಲು. ಸೇಡಂನ ಗಂಡನ ಮನೆಯಿಂದ ಕರೆದುಕೊಂಡು ಬರಬೇಕು. ಸೀಮಂತದ ಕುಬಸ, ಹಸಿರು ಸೀರೆ, ಹೆರಿಗೆ, ಬಾಣಂತನ — ಎಲ್ಲ ನಾನೇ. ಈಗ ಇಂಥದ್ದೊಂದು ಮಾತು ಯಾರ ಮುಂದೆ ಬಿಚ್ಚಲಿ? ಯಾರಿಗೂ ಬೇಡ.


15 ಜನವರಿ, ಬುಧವಾರ

ಇಂದಿರಾನಗರದಲ್ಲಿ ವೇದಾ ಅಮ್ಮನವರ ಮನೆ ಅಡಿಗೆ ಹತ್ತು ಗಂಟೆಗೇ ಮುಗಿಯಿತು. ಅಮ್ಮನವರಿಗೆ ಕಣ್ಣಿನ ಪೊರೆ ತೆಗೆದಿದ್ದಾರೆ. ಒಂದು ತಿಂಗಳು ಓದಬಾರದಂತೆ. ವಿಮಾ ಆಫೀಸಿನಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದ ಹೆಂಗಸು, ಅರ್ಧ ದಿನ ಕಾಗದ ಇಲ್ಲದೆ ಕೂತವರಲ್ಲ. ಕರಿ ಕನ್ನಡಕ ಹಾಕಿಕೊಂಡು ಸಿಟ್ಟು ಮಾಡಿಕೊಂಡು ಕೂತಿದ್ದರು.

ಕಪಾಟು ಒರೆಸು ಅಂದರು. ಒರೆಸಿದೆ. ಎರಡನೇ ಸಾಲಿನಲ್ಲಿ ಹಸಿರು ಬೈಂಡಿನ ಪುಸ್ತಕ. ತೆಗೆದೆ. ಮೊದಲ ಪುಟದಲ್ಲಿ ಚಿತ್ರ — ಹಿಟ್ಟಿನ ಗಿರಣಿ, ನೀರಿನ ಚಕ್ರ, ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸಿಕೊಂಡ ಹೆಣ್ಣುಮಗಳು.

ಕೈಯಲ್ಲಿದ್ದ ಬಟ್ಟೆ ಬಿತ್ತು.

"ಅಮ್ಮಾರೆ, ಇದು ನಮ್ಮ ದೊರಕವ್ವ!"

"ಯಾವ ದೊರಕವ್ವ? ಡೋರ್ಕಸ್ ಕಣೆ ಅವಳು. ಇಂಗ್ಲಿಷ್ ಕಾದಂಬರಿ. ನಿನಗೆ ಹೇಗೆ ಗೊತ್ತು?"

ಹೇಳಿದೆ. ಏಳನೇ ಇಯತ್ತೆಯಲ್ಲಿ ಮೊದಲ ನಂಬರ್ ಬಂದಾಗ ಹೆಡ್ ಮಾಸ್ತರರು ಬಹುಮಾನ ಕೊಟ್ಟಿದ್ದು ಇದೇ ಕಥೆ. ಕನ್ನಡದ್ದು, ಸಣ್ಣದು, ತೊಂಬತ್ತೇ ಪುಟ. ಇದೇ ಚಿತ್ರ. ಡೋರ್ಕಸ್ ಅನ್ನೋದು ನಮ್ಮ ಬಾಯಿಗೆ ಬರಲಿಲ್ಲ. ಊರ ಹುಡುಗಿಯರೆಲ್ಲ ದೊರಕವ್ವ ಅಂದೆವು.

ಅಮ್ಮನವರು ನಕ್ಕು ನಕ್ಕು ಕಣ್ಣಿಗೆ ಕೈ ಒಯ್ದರು. ಯಜಮಾನರು ಅನಂತರಾಮು ಪೇಪರ್ ಕೆಳಗಿಳಿಸಿ, "ಕಣ್ಣು ಮುಟ್ಕೋಬೇಡ್ವೇ! ಆ ಪುಸ್ತಕ ನನಗಿಂತ ಮೊದಲೇ ಇವಳ ಹತ್ರ ಬಂದಿದ್ದು, ರಾಜೇಶ್ವರಿ. ಸವತಿ ಇದ್ದಂಗೆ ನನಗೆ," ಅಂದರು.

ಅಮ್ಮನವರು ಮೂರು ಸಲ ಓದಿದ್ದಾರಂತೆ. ಹಿಂದಿನ ಪುಟದಲ್ಲಿ ಮೂರು ತಾರೀಕು, ಮೂರು ಬಣ್ಣದ ಇಂಕು. ಹದಿನೆಂಟರಲ್ಲಿ, ಮೂವತ್ತನಾಲ್ಕರಲ್ಲಿ, ಐವತ್ತೆರಡರಲ್ಲಿ. "ಹದಿನೆಂಟರಲ್ಲಿ ಅವಳ ಪ್ರೀತಿಗೆ ಅತ್ತೆ. ಮೂವತ್ನಾಲ್ಕರಲ್ಲಿ ಗಂಡನ ಮೇಲೆ ಸಿಟ್ಟು ಬಂತು. ಐವತ್ತೆರಡರಲ್ಲಿ ಪುಸ್ತಕವನ್ನೇ ಗೋಡೆಗೆ ಎಸೆದೆ. ನೋಡು, ಮೂಲೆ ಜಜ್ಜಿದೆ."

"ಯಾಕ್ರೀ ಅಮ್ಮಾರೆ?"

"ನಾಳೆಯಿಂದ ದಿನಾ ಸ್ವಲ್ಪ ಹೇಳ್ತೀನಿ. ನನಗೂ ಹೊತ್ತು ಹೋಗತ್ತೆ. ನೀನು ಹುರುಳಿಕಾಯಿ ಬಿಡಿಸು."

ಮೆಟ್ರೋದಲ್ಲಿ ಬರುವಾಗ ಎಷ್ಟೋ ದಿನದ ಮೇಲೆ ಎದೆ ಹಗುರ ಅನಿಸಿತು. ದೊರಕವ್ವ ಸಿಕ್ಕಳು. ಆಕೆಗೂ ಎದೆಯಲ್ಲೇ ಬ್ಯಾನಿ. ಆಕೆಯೂ ಯಾರಿಗೂ ಹೇಳಲಿಲ್ಲ. ಕಡೆಗೆ ತವರಿಗೆ ಹೋದಳು, ಗುಣ ಆದಳು.

ನನಗೆ ಕಥೆ ಪೂರ್ತಿ ಗೊತ್ತದೆ.


19 ಜನವರಿ, ಭಾನುವಾರ. ಮಧ್ಯಾಹ್ನ

ಕೆ.ಆರ್. ಪುರದ ಶಾಲೆ ಮೈದಾನದಲ್ಲಿ ಹೆಂಗಸರ ಆರೋಗ್ಯ ಶಿಬಿರ. ಓಣಿಯವರೆಲ್ಲ ಹೋದರು, ಬಿ.ಪಿ. ನೋಡ್ತಾರೆ ಅಂತ ನಾನೂ ಹೋದೆ. ಬಿ.ಪಿ.ಗೆ ಮಾತ್ರ ಅಂದುಕೊಂಡಿದ್ದೆ.

ಪರದೆ ಹಿಂದೆ ಮಾರಿಯಾ ಅಂತ ನರ್ಸು. ತಮಿಳು ಸೇರಿದ ಕನ್ನಡ. ಕೈ ಬೆಚ್ಚಗಿತ್ತು. ಹಗುರಕ ಒತ್ತಿ ನೋಡುತ್ತಾ ಬಂದಳು, ಎಡಗಡೆ ನಿಂತಳು. ಮಾತು ನಿಲ್ಲಿಸಿದಳು. ಆ ನಿಲ್ಲಿಸಿದ್ದೇ ನನಗೆ ಸಾಕಾಯಿತು.

"ಯಾವಾಗಿಂದಮ್ಮ ಇದು?"

"ಮೊನ್ನೆಯಿಂದ," ಅಂದೆ. ಪೂಜೆ ಮಾಡುವ ಬಾಯಿಂದ ಸುಳ್ಳು.

ಒಂದು ಚೀಟಿ ಬರೆದಳು. ಮ್ಯಾಮೊಗ್ರಾಂ. ಶಿವಾಜಿನಗರದಲ್ಲಿ ಸ್ಕ್ಯಾನಿಂಗ್ ಸೆಂಟರ್, ಶಿಬಿರದ ಚೀಟಿ ತೋರಿಸಿದರೆ ಫ್ರೀ. "ಭಯ ಬೇಡ. ಆದ್ರೆ ಹೋಗ್ಬೇಕು. ಕಟ್ಟಾಯ ಹೋಗ್ಬೇಕು, ಆಯ್ತಾ?" ಅಂದಳು.

ಚೀಟಿ ಜೋಳದ ಡಬ್ಬಿಯ ತಳಕ್ಕೆ ಇಟ್ಟೆ. ಇವರು ಜೋಳದ ಡಬ್ಬಿಗೆ ಕೈ ಹಾಕೋದಿಲ್ಲ.

"ಏನಂದ್ರು ಶಿಬಿರದಾಗ?" ಅಂತ ಕೇಳಿದರು.

"ಬಿ.ಪಿ. ತುಸು ಹೆಚ್ಚದಂತ. ಉಪ್ಪಿನಕಾಯಿ ಬ್ಯಾಡಂದ್ರು."

"ಹಂಗಾರ ನನ್ನ ತಾಟಿನ್ಯಾಗ ಹಾಕು," ಅಂತ ನಕ್ಕರು.


21 ಜನವರಿ, ಮಂಗಳವಾರ

ಕಥೆ ಆರನೇ ಅಧ್ಯಾಯಕ್ಕೆ ಬಂತು. ಇಂಗ್ಲಿಷಿನಲ್ಲಿ ಎಷ್ಟು ಉದ್ದ! ನಮ್ಮ ಪುಸ್ತಕದಲ್ಲಿ ದೊರಕವ್ವನ ಮದುವೆ ಎರಡೇ ಸಾಲು. ಇದರಲ್ಲಿ ಮೂರು ದಿನ ಹೇಳಿದರು ಅಮ್ಮನವರು. ಗಿರಣಿ ಬಿಟ್ಟು ಸಮುದ್ರದ ದಂಡೆಯ ಸಾಹುಕಾರನ ಮನೆಗೆ ಹೋಗ್ತಾಳೆ. ಹನ್ನೊಂದು ಕೋಣೆ, ಹನ್ನೊಂದು ಕೀಲಿ. ಎಲ್ಲರ ಊಟ, ಎಲ್ಲರ ಅರಿವೆ, ಎಲ್ಲರ ಜ್ವರ ಆಕೆಯೇ ನೋಡಬೇಕು. ಅಪ್ಪ ಗಿರಣಿಯವ, ಕಾಗದ ಹಾಕ್ತಾನೆ: ನಿನ್ನ ಕೋಣೆ ಹಂಗೇ ಇಟ್ಟೀನಿ ಮಗಳೇ, ಅಂತ.

ಆ ಮಾತು ನಮ್ಮ ಪುಸ್ತಕದಲ್ಲೂ ಇತ್ತು. ಹದಿಮೂರು ವರ್ಷದವಳು ಮಾಳಿಗೆ ಮೇಲೆ ಕೂತು ಓದಿದ್ದೆ. ನನಗೂ ಅಪ್ಪ ಇದ್ದ. ಆಗ ಅನಿಸಿದ್ದು, ಎಲ್ಲಿ ಹೋದರೇನು, ಹೊಳ್ಳಿ ಬರಬಹುದಲ್ಲ!

ಎರಡನೇ ಸಲ ಓದಿದ್ದು ಇಪ್ಪತ್ತೊಂಬತ್ತಕ್ಕೆ. ಅಪ್ಪ ಲಿಂಗೈಕ್ಯನಾಗಿ ಹನ್ನೊಂದನೇ ದಿನ. ಶಿವಗಣಾರಾಧನೆ ಮುಗಿಸಿ ಟ್ರಂಕು ತೆಗೆದರೆ ಪುಸ್ತಕ. ಗೆದ್ದಲು ತಿಂದಿತ್ತು, ರೇವತಿ ತೊಡೆ ಮೇಲೆ. ಆವತ್ತು ದೊರಕವ್ವನ ಮೇಲೆ ಹೊಟ್ಟೆಕಿಚ್ಚು. ಆಕೆಗಾದರೂ ಹೋಗಲಿಕ್ಕೆ ಅಪ್ಪ ಇದ್ದ. ಅಣ್ಣ ನಿಂಗಣ್ಣ, "ನಾ ಇದ್ದೀನಲ್ಲ ರಾಜಿ, ಇದು ನಿನ್ನ ಮನಿ," ಅಂದ. ಅದಕ್ಕೇ ಅತ್ತೆ.

ಹಂಗಾದರೆ ನನಗೂ ಹೋಗಲಿಕ್ಕೆ ಮನೆ ಅದೆ. ಯೋಚನೆ ಮಾಡಿದ್ದೀನಿ. ರೇವತಿ ಬಾಣಂತನ ಮುಗಿಯಲಿ. ಆಮೇಲೆ ನಿಂಗಣ್ಣನ ಮನೆಗೆ ಹೋಗಿ ಒಂದು ತಿಂಗಳು ಇರೋದು. ಊರ ನೀರು, ಊರ ರೊಟ್ಟಿ, ಮಠದ ವಿಭೂತಿ. ದೊರಕವ್ವಗೆ ವಾಸಿ ಆಯಿತು, ನನಗೂ ಆಗುತ್ತದೆ.


24 ಜನವರಿ, ಶುಕ್ರವಾರ. ಸಂಜೆ 4

ಆದರೂ ಹೋದೆ. ಆ ನರ್ಸಿನ "ಹೋಗ್ಬೇಕು" ಕಿವಿಯಲ್ಲೇ ಇತ್ತು. ಅಮ್ಮನವರಿಗೆ ರೇಷನ್ ಕಾರ್ಡಿನ ಕೆಲಸ ಅಂದೆ. ಎಂ.ಜಿ. ರೋಡಿನಲ್ಲಿ ಇಳಿದು ಆಟೋ.

ಒಳಗೆ ಎ.ಸಿ. ನಡುಗುವಷ್ಟು. ಹಿಂದಿನಿಂದ ಕಟ್ಟುವ ಬಿಳಿ ಅಂಗಿ ಕೊಟ್ಟರು. ಫಾಯಿಜಾ ಅಂತ ಚಿಕ್ಕ ಹುಡುಗಿ, ತಲೆಗೆ ಸ್ಕಾರ್ಫು. ಮೆಷಿನ್ ನಡೆಸುವವಳು ಅವಳೇ.

"ಅಮ್ಮಾ, ಕುತ್ತಿಗೇದು ತೆಗೀರಿ. ಸರ, ಡಬ್ಬಿ, ಎಲ್ಲಾ. ಬೆಳ್ಳಿ ಇದ್ರೆ ಫೋಟೋ ಸರಿ ಬರಲ್ಲ."

ತಾಳಿ ತೆಗೆದೆ. ಕರಡಿಗೆ ಹಿಡಿದೆ — ಕೈ ಬರಲಿಲ್ಲ.

ಲಿಂಗ ಮೈ ಬಿಟ್ಟು ಒಂದು ಗಳಿಗೆ ಇದ್ದಿಲ್ಲ. ಹೆರಿಗೆಯಲ್ಲಿ ಸಹ. ಮೈಯಿಂದ ಲಿಂಗ ಬೇರೆಯಾದರೆ ಪ್ರಾಣ ಬೇರೆಯಾದ ಹಾಗೆ ಅಂತ ಮಠದ ಅಪ್ಪನವರು ಹೇಳಿದ್ದರು. ಇದನ್ನ ಬಿಚ್ಚಿ ಆ ಸ್ಟೀಲ್ ಟ್ರೇನಲ್ಲಿ, ಯಾರ್‍ಯಾರದೋ ಕಿವಿಯೋಲೆ ಜೊತೆ ಇಡಲೇನು? ಇಟ್ಟ ಗಳಿಗೆಯಲ್ಲೇ ಆ ಮೆಷಿನ್ ನನ್ನೊಳಗಿನದನ್ನ ನೋಡಿ, ಹೌದು, ಅಂದುಬಿಟ್ಟರೆ?

"ಬಾತ್‌ರೂಮಿಗಿ ಹೋಗಿ ಬರ್ತೀನವ್ವ," ಅಂದೆ.

ಸೀರೆ ಉಟ್ಟುಕೊಂಡು ಓಡಿಬಂದೆ. ಐವತ್ತು ವರ್ಷದ ಹೆಂಗಸು, ಶಿವಾಜಿನಗರದ ಬೀದಿಯಲ್ಲಿ, ಕಳ್ಳಿಯ ಹಂಗೆ. ತಾಳಿ ಕೈಯಲ್ಲೇ ಇತ್ತು. ಮೆಟ್ರೋದಲ್ಲಿ ಹಾಕಿಕೊಂಡೆ.


4 ಫೆಬ್ರವರಿ, ಮಂಗಳವಾರ

ಹತ್ತು ದಿನ ಏನೂ ಬರೆಯಲಿಲ್ಲ. ಬರೆದರೆ ನಿಜ ಆಗುತ್ತದೆ ಅನಿಸಿತು.

ರೇವತಿ ಫೋನು. "ಯವ್ವಾ, ಕೂಸು ಒದೀಲಕತ್ತದ! ಇಲ್ನೋಡು, ಫೋನ್ ಹೊಟ್ಟಿಗಿ ಹಚ್ಚೀನಿ, ಕೇಳಸ್ತದೇನು?"

"ಹೂಂ, ಕೇಳಸ್ತದ," ಅಂದೆ. ಏನು ಕೇಳುತ್ತದೆ, ಗಾಳಿ ಸದ್ದು.

"ನಮ್ಮತ್ತಿ ಇಲ್ಲೇ ಹೆರಿಗಿ ಮಾಡಿಸ್ಕೋ ಅಂತಾಳ. ನಾ ಒಲ್ಲೆ ಅಂದೀನಿ. ನಮ್ಮವ್ವನ ಕೈಯಾಗ ಹಡೀತೀನಿ ಅಂದೀನಿ. ಕುಬಸಕ್ಕ ಯಾವಾಗ ಬರ್ತಿ?"

"ಮಾರ್ಚಿನ್ಯಾಗ ಬರ್ತೀನಿ ಮಗಳ."

ಫೋನಿಟ್ಟ ಮೇಲೆ ಕೈ ಅಲ್ಲಿಗೇ ಹೋಯಿತು. ದಿನಕ್ಕೆ ಎಷ್ಟು ಸಲ ಹೋಗುತ್ತದೋ. ಸ್ನಾನದಲ್ಲಿ, ಮೆಟ್ರೋದಲ್ಲಿ ಸೆರಗಿನ ಒಳಗೆ, ಕುಕ್ಕರ್ ಕೂಗುವಾಗ. ಬೆಳೆದಿದೆಯೋ, ಅಷ್ಟೇ ಇದೆಯೋ. ಒಂದು ದಿನ ಕರಗಿತು ಅನಿಸುತ್ತದೆ, ಮರುದಿನ ಎರಡಾದವು ಅನಿಸುತ್ತದೆ. ಬಾಗಿಲು ಹಾಕಿದ್ದೀನೋ ಇಲ್ಲೋ ಅಂತ ಹೊಳ್ಳಿ ಹೊಳ್ಳಿ ನೋಡಿದ ಹಂಗೆ.


11 ಫೆಬ್ರವರಿ, ಮಂಗಳವಾರ

ದೊರಕವ್ವಗೆ ಬ್ಯಾನಿ ಶುರುವಾಯಿತು. ಅಮ್ಮನವರು ಇಂದು ಅದನ್ನೇ ಹೇಳಿದರು. ನಮ್ಮ ಪುಸ್ತಕದಲ್ಲಿ "ಎದೆಯ ಬೇನೆ" ಅಂತ ಒಂದೇ ಮಾತಿತ್ತು. ಹದಿಮೂರಕ್ಕೆ ಅದು ಮನಸ್ಸಿನ ದುಃಖ ಅಂದುಕೊಂಡಿದ್ದೆ. ಇಪ್ಪತ್ತೊಂಬತ್ತಕ್ಕೆ ದಮ್ಮು ಇರಬೇಕು ಅನಿಸಿತ್ತು.

ಗಂಟು. ಇಂಗ್ಲಿಷಿನಲ್ಲಿ ಗಂಟು ಅಂತಲೇ ಬರೆದದೆ.

ಚಾಕು ನನ್ನ ಬೆರಳಿಗೆ ತಾಗಿತು. "ಏನಾಯ್ತೇ?" "ಏನಿಲ್ರೀ." ಬದನೆಕಾಯಿಗೆ ರಕ್ತ ಹತ್ತಿತು, ತೊಳೆದೆ.

ದೊರಕವ್ವ ಗಂಟಿನ ಮೇಲೆ ಬಟ್ಟೆ ಬಿಗಿದು ಕಟ್ಟಿಕೊಂಡು ಹನ್ನೊಂದು ಕೋಣೆ ನಡೆಸ್ತಾಳೆ. ಗಂಡನಿಗೆ ಗೊತ್ತಿಲ್ಲ. ಗೊತ್ತಾದರೆ ಮನೆ ನಡೆಯೋದು ಹೆಂಗೆ ಅಂತ ಆಕೆಗೆ ಚಿಂತೆ.

"ನೋಡು, ಇಲ್ಲೇ ನಾನು ಪುಸ್ತಕ ಎಸೆದಿದ್ದು," ಅಂದರು ಅಮ್ಮನವರು. "ಬಾಯಿ ಬಿಟ್ಟು ಹೇಳೇ ಹೆಂಗ್ಸೇ ಅಂತ ಕೂಗಿಬಿಟ್ಟೆ. ಇವರು ಓಡಿಬಂದರು, ಯಾರ ಜೊತೆ ಜಗಳ ಅಂತ."

ಮನಸ್ಸಿನಲ್ಲಿ ಅಂದುಕೊಂಡೆ, ಅಮ್ಮಾರೆ, ಮುಂದೆ ಒಳ್ಳೇದಾಗುತ್ತದೆ. ನನಗೆ ಗೊತ್ತದೆ.


17 ಫೆಬ್ರವರಿ, ಸೋಮವಾರ. ಮಧ್ಯಾಹ್ನ 2.30, ಇಂದಿರಾನಗರ ಮೆಟ್ರೋ

ಸ್ಟೇಷನ್ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೀನಿ. ನಾಲ್ಕು ಟ್ರೇನು ಹೋದವು. ಏಳಲಿಕ್ಕೆ ಆಗುವಲ್ಲದು.

ಇಂದು ಕಥೆ ಮುಗಿಯಿತು.

ಹಿಮ ಬೀಳ್ತದೆ, ದೊರಕವ್ವ ಮಂಚ ಹಿಡಿದಿದ್ದಾಳೆ. ಕೀಲಿಗೊಂಚಲು ದಿಂಬಿನ ಪಕ್ಕಕ್ಕಿದೆ. ಅಮ್ಮನವರ ದನಿ ಸಣ್ಣಗಾಯಿತು. ನಾನು ಅವರಿಗಿಂತ ಮೊದಲೇ ಹೇಳಿಬಿಟ್ಟೆ:

"ಬೆಳಗಾಗೂದರಾಗ ತಂದಿ ಮನೀಗಿ ಹೋದಳು!"

"ಹೂಂ… ಪಾಪ. ಹೋಗ್ಬಿಟ್ಳು."

"ಪಾಪ ಯಾಕ್ರೀ? ತವರಿಗಿ ಹೋದಳಲ್ಲ. ಗಿರಣಿ ಮನೀಗಿ. ಅಪ್ಪ ಕೋಣಿ ಇಟ್ಟಿದ್ದ. ಅಲ್ಲಿ ಗುಣ ಆತು."

ಅಮ್ಮನವರು ಕನ್ನಡಕ ತೆಗೆದು ನನ್ನ ನೋಡಿದರು. "ರಾಜೇಶ್ವರಿ, ಅವಳು ಸತ್ತೋದ್ಳು ಕಣೆ."

"ಇಲ್ರೀ!"

ಎಷ್ಟು ಜೋರಾಗಿ ಅಂದೆನೋ, ಅನಂತರಾಮು ಅವರು ಹೊರಗಿನಿಂದ ಬಂದು ನಿಂತರು.

"ನಮ್ಮ ಪುಸ್ತಕದಾಗ ಬರದದ್ರೀ ಅಮ್ಮಾರೆ. ಕಡೀ ಸಾಲು ಅದೇ. 'ಬೆಳಗಾಗುವ ಮೊದಲು ಅವಳು ತಂದೆಯ ಮನೆಗೆ ಹೋದಳು.' ನನಗ ಬಾಯಿಪಾಠ ಅದ. ಮೂವತ್ತೇಳು ವರ್ಷ ಆತು."

"ಸಾಲು ಸರಿ. ಇಲ್ಲಿ ಬಾ."

ಪುಸ್ತಕ ತೆರೆದು ನನ್ನ ಕೈಗೇ ಕೊಟ್ಟರು. ಬೆರಳಿಟ್ಟು ಓದಿದೆ, ಐದನೇ ಇಯತ್ತೆಯಲ್ಲಿ ಓದಿದ ಹಂಗೆ. ಶಿ. ವೆಂಟ್. ಹೋಮ್. ಟು. ಹರ್. ಫಾದರ್.

"ಅದೇ ಅಲ್ರೀ ನಾ ಹೇಳಿದ್ದು? ಫಾದರ್ ಅಂದ್ರ ಅಪ್ಪ."

"ಎಫ್ ನೋಡು."

ನೋಡಿದೆ. ದೊಡ್ಡ ಎಫ್.

"ಗಿರಣಿ ಅಪ್ಪನ ಹೆಸರು ಬಂದ ಕಡೆಯೆಲ್ಲ ಸಣ್ಣ ಎಫ್. ಹಿಂದೆ ತಿರುವಿ ನೋಡು. ಇದೊಂದೇ ಕಡೆ ದೊಡ್ಡದು. ದೇವರು ಅಂತ. ಕ್ರಿಶ್ಚಿಯನ್ನರು ತಂದೆ ಅನ್ನೋದು ದೇವರನ್ನ. ನಾವು ಶಿವಪಾದ ಸೇರಿದರು ಅಂತೀವಲ್ಲ, ಹಾಗೆ."

ತಿರುವಿದೆ. ಸಣ್ಣ ಎಫ್. ಸಣ್ಣ ಎಫ್. ಸಣ್ಣ ಎಫ್. ಮತ್ತೆ ಆ ಪುಟ.

ಕನ್ನಡದಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಇಲ್ಲ. ನಮ್ಮ ಪುಸ್ತಕ ಕನ್ನಡಕ್ಕೆ ಇಳಿಸಿದವರು ತಾನೇ ಏನು ಮಾಡಿಯಾರು. ತಂದೆ ಅಂದರೆ ತಂದೆ.

"ಮುಂದೆ ಇನ್ನೂ ಎರಡು ಪುಟ ಇದೆ," ಅಂದರು ಅಮ್ಮನವರು. "ಗಿರಣಿಯವನಿಗೆ ಕಾಗದ ಬರತ್ತೆ. ಓದಿ ಚಕ್ರ ನಿಲ್ಲಿಸ್ತಾನೆ. ನಿಮ್ಮ ಸಣ್ಣ ಪುಸ್ತಕದಲ್ಲಿ ಅದನ್ನ ಬಿಟ್ಟುಬಿಟ್ಟಿರಬೇಕು."

ಕುಂತುಬಿಟ್ಟೆ ನೆಲದ ಮೇಲೆ.

"ಯಾಕೆ ಹೀಗೆ ಕೂತ್ಬಿಟ್ಟೆ? ಕಥೆ ಕಣೆ. ನಿಮ್ಮೆಜಮಾನ್ರು ಚಂದ್ರಾಮಪ್ಪ ಚೆನ್ನಾಗಿದಾರೆ ತಾನೆ? ರೇವತಿ?"

"ಎಲ್ಲಾ ಆರಾಮ್ರೀ… ಅಮ್ಮಾರೆ. ಮೊದಲೇ ಹೇಳಿದ್ರ ಬದುಕ್ತಿದ್ಲೇನು?"

"ಆ ಕಾಲದಲ್ಲಿ ಏನು ಹೇಳೋದು. ಈಗಾದ್ರೆ ಬೇಗ ತೋರಿಸಿದವರು ಎಷ್ಟೋ ಜನ ಬದುಕಿದಾರೆ. ನಮ್ಮ ಆಫೀಸಲ್ಲೇ ಇಬ್ಬರು. ಒಬ್ಬಳು ಈಗ ಮೊಮ್ಮಗನ್ನ ಸ್ಕೂಲಿಗೆ ಬಿಡ್ತಾಳೆ."

ನೀರು ಕೊಟ್ಟರು. ಕುಡಿದೆ. ಸಾರಿಗೆ ಒಗ್ಗರಣೆ ಹಾಕದೇ ಬಂದೆ ಅಂತ ಈಗ ನೆನಪಾಯಿತು.

ಮತ್ತೊಂದು ಟ್ರೇನು ಬಂತು. ಎಲ್ಲರೂ ಮನೆಗೆ ಹೋಗುತ್ತಿದ್ದಾರೆ.


18 ಫೆಬ್ರವರಿ. ಬೆಳಿಗ್ಗೆ 5

ಪೂಜೆಗೆ ಕೂತೆ. ಲಿಂಗ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರೆ ಮಂಚ ಕಾಣುತ್ತದೆ. ಹಿಮ.

ಸಿಟ್ಟು ಬಂತು. ದೊರಕವ್ವನ ಮೇಲೆ. ನಿನ್ನ ನಂಬಿ ಕೂತಿದ್ದೆನಲ್ಲ ತಾಯಿ. ಅತ್ತೆ ಮನೆಯ ಕಷ್ಟ, ಅಪ್ಪ ಹೋದದ್ದು, ಈ ಊರಿಗೆ ಬಂದು ತಗಡಿನ ಕೋಣೆಯಲ್ಲಿ ಸಂಸಾರ ಹೂಡಿದ್ದು — ಎಲ್ಲದರಲ್ಲೂ ನೀನು ಎಲ್ಲೋ ಗಿರಣಿ ಮನೆಯಲ್ಲಿ ಹಿಟ್ಟಿನ ವಾಸನೆಯಲ್ಲಿ ಕೂತು ಚೇತರಿಸಿಕೊಳ್ಳುತ್ತಿದ್ದೀ ಅಂದುಕೊಂಡಿದ್ದೆ. ಅಷ್ಟೂ ದಿನ ಸತ್ತೇ ಹೋಗಿದ್ದೀ.

ರೇವತಿಗೆ ತವರು ಅಂದರೆ ನಾನು. ನಾನು ಹೋದರೆ ಅವಳಿಗೆ ಈ ಬಾಡಿಗೆ ಕೋಣೆ ಅಷ್ಟೇ ಉಳಿಯೋದು.


26 ಫೆಬ್ರವರಿ, ಶಿವರಾತ್ರಿ

ಉಪವಾಸ. ಹಲಸೂರಿನ ಗುಡಿಗೆ ಬೆಳಿಗ್ಗೆ ಆರಕ್ಕೇ ಹೋದೆ, ಆಗಲೇ ರಸ್ತೆವರೆಗೆ ಸಾಲು. ಎರಡು ತಾಸು ನಿಂತೆ.

ಏನು ಬೇಡಲಿ ಅಂತ ಗೊತ್ತಾಗಲಿಲ್ಲ. ಗುಣ ಮಾಡು ಅಂತ ಬೇಡಲಿಕ್ಕೆ ಹೆದರಿಕೆ. ಬೇಡಿದರೆ ಇದೆ ಅಂತ ಒಪ್ಪಿದ ಹಂಗಾಯಿತಲ್ಲ. ಕಡೆಗೆ ಇಷ್ಟೇ ಅಂದೆ: ಅಪ್ಪಾ, ನಿನ್ನನ್ನ ಮೈಯಿಂದ ಬಿಚ್ಚದೆ ಆ ಮೆಷಿನ್ ಮುಂದೆ ನಿಲ್ಲೋ ದಾರಿ ತೋರಿಸು.

ಸಾಲಿನಲ್ಲಿ ಹಿಂದಿದ್ದವಳು, "ಮುಂದಕ್ ನಡೀರೀ ಅಕ್ಕಾ, ದೇವ್ರಿಗೂ ಬೇರೆ ಕೆಲ್ಸ ಇದೆ," ಅಂದಳು. ಎಲ್ಲರೂ ನಕ್ಕರು. ನಾನೂ.

ಮನೆಗೆ ಬಂದು ಪೂಜೆಗೆ ಕೂತೆ. ಕರಡಿಗೆಯಿಂದ ಲಿಂಗ ತೆಗೆದೆ, ಅಂಗೈಯಲ್ಲಿ ಇಟ್ಟುಕೊಂಡೆ. ದಿನಾ ಮಾಡೋದೇ.

ದಿನಾ ಮಾಡೋದೇ! ನಲವತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಅದು ಕುತ್ತಿಗೆ ಬಿಟ್ಟು ಅಂಗೈಗೆ ಬರುತ್ತದೆ. ಅಂಗೈ ಮೈಯಲ್ಲವೇನು? ಬೆಳ್ಳಿ ಬೇರೆ, ಲಿಂಗ ಬೇರೆ. ಆ ಹುಡುಗಿ ಬೇಡ ಅಂದದ್ದು ಬೆಳ್ಳಿ.


28 ಫೆಬ್ರವರಿ, ಶುಕ್ರವಾರ. ಮಧ್ಯಾಹ್ನ 1.10

ಹೋಗಿ ಬಂದೆ.

ಫಾಯಿಜಾಗೆ ನನ್ನ ಗುರುತು ಹತ್ತಿತು. "ಅರೇ, ಬಾತ್‌ರೂಮ್ ಅಮ್ಮಾ! ಒಂದ್ ತಿಂಗಳು ಬೇಕಾಯ್ತಾ ಬಾತ್‌ರೂಮಿಂದ ಬರೋಕೆ?"

ನಾಚಿಕೆಯಾಯಿತು. ಹೇಳಿದೆ, "ತಂಗಿ, ಬೆಳ್ಳಿದು ಬಿಚ್ತೀನಿ. ಒಳಗಿನ ಲಿಂಗ ಕೈಯಾಗ ಇರ್ತದ. ಅದನ್ನ ಬಿಡು ಅನಬ್ಯಾಡ."

"ಕಲ್ಲಾ?"

"ಹೂಂ."

"ಮೊದಲೇ ಹೇಳೋದಲ್ವಾ ಅಮ್ಮಾ? ಕೈಯಲ್ಲಿ ಇದ್ರೆ ನನಗೇನು ಪ್ರಾಬ್ಲಂ ಇಲ್ಲ. ಮುಷ್ಟಿ ಗಟ್ಟಿ ಹಿಡೀರಿ, ಬೀಳಿಸಬೇಡಿ. ಬಿದ್ರೆ ನಾನು ಮುಟ್ಟಬಹುದೋ ಇಲ್ವೋ, ಅದೊಂದು ಟೆನ್ಷನ್ ನನಗೆ."

ನಗು ಬಂತು, ಅಳುವೂ ಬಂತು. ಎಡಗೈಯಲ್ಲಿ ಮೆಷಿನ್ನಿನ ಹಿಡಿಕೆ ಹಿಡಿಯಬೇಕಂತೆ. ಪೂಜೆಯಲ್ಲಿ ಲಿಂಗ ಇರೋದು ಎಡಗೈಯಲ್ಲಿ. ಬಲಗೈಯಲ್ಲಿ ಹಿಡಿದೆ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೋ ಅಪ್ಪಾ.

ತಟ್ಟೆ ಒತ್ತಿತು. ಉಸಿರು ಹಿಡೀರಿ ಅಂದಳು. ನಾನು ಓಂ ನಮಃ ಶಿವಾಯ ಅಂದೆ. ಅವಳೂ ಗುಂಡಿ ಒತ್ತುವಾಗ ಏನೋ ಬಾಯಲ್ಲೇ ಅಂದುಕೊಂಡಳು, ಬಿಸ್ಮಿಲ್ಲಾ ಇರಬೇಕು. ಒಂದೇ ಗಳಿಗೆ. ಇಷ್ಟಕ್ಕೆ ತಿಂಗಳು.

ಆಮೇಲೆ ಇನ್ನೊಂದು ಕೋಣೆ, ಡಾಕ್ಟರಮ್ಮ ಜೆಲ್ಲು ಹಚ್ಚಿ ಟಿ.ವಿ.ಯಲ್ಲಿ ನೋಡಿದರು. ತುಂಬಾ ಹೊತ್ತು ನೋಡಿದರು. ಅವರ ಮುಖವನ್ನೇ ನೋಡುತ್ತಿದ್ದೆ. ಮುಖದಲ್ಲಿ ಏನೂ ಬರೆದಿರಲಿಲ್ಲ.

"ಸೂಜಿ ಪರೀಕ್ಷೆ ಮಾಡಬೇಕಮ್ಮ. ಬರೀ ಗಂಟೂ ಇರಬಹುದು, ಅಲ್ಲದೇನೂ ಇರಬಹುದು. ನೋಡಿ ಹೇಳೋ ವಿಷಯ ಅಲ್ಲ ಇದು. ಸೋಮವಾರ ಬನ್ನಿ. ತಡ ಮಾಡಬೇಡಿ. ಮನೆಯವರನ್ನ ಕರ್ಕೊಂಡೇ ಬನ್ನಿ."

"ಒಬ್ಬಾಕೀನೇ ಬಂದ್ರ ಆಗೂದಿಲ್ಲೇನ್ರೀ?"

"ಇಂಥದ್ದಕ್ಕೆ ಒಬ್ಬರೇ ಯಾಕಮ್ಮ ಬರ್ತೀರಿ?"

ಸೆರಗಿನಿಂದ ಜೆಲ್ಲು ಒರೆಸಿಕೊಂಡು ಎದ್ದು ಬಂದೆ.


1 ಮಾರ್ಚ್, ಶನಿವಾರ. ಬೆಳಿಗ್ಗೆ

ನಿನ್ನೆ ಇವರಿಗೆ ಹೇಳಲಿಲ್ಲ. ಊಟಕ್ಕೆ ಕೂತಾಗ ಹೇಳಬೇಕು ಅಂದುಕೊಂಡೆ, ಚಪಾತಿ ಬಡಿಸಿದೆ. ಕೈ ತೊಳೆದ ಮೇಲೆ ಅಂದುಕೊಂಡೆ, ಹಾಸಿಗೆ ಹಾಸಿದೆ.

ಏನಂತ ಶುರು ಮಾಡಲಿ? "ರೀ, ನನಗೊಂದು ಗಂಟಾಗ್ಯದ." ಆಗೋದಿಲ್ಲ, ಬಾಯಿ ಬಾರದು. "ರೀ, ಸೋಮವಾರ ರಜಾ ಹಾಕ್ರಿ." ಯಾಕ ಅಂತಾರೆ. ಯಾಕ ಅಂದಾಗ?

ಮೂವತ್ತು ವರ್ಷದ ಸಂಸಾರದಲ್ಲಿ ಇವರು ನನ್ನ ಮೇಲೆ ಕೈ ಮಾಡಿದವರಲ್ಲ. ಇವರಿಗೆ ಹೆದರಿಕೆ ಅಲ್ಲ. ಇವರು ಹೆದರೋದನ್ನ ನೋಡಲಿಕ್ಕೆ ಹೆದರಿಕೆ. ಇವರ ಅವ್ವ ಸತ್ತಾಗ ಒಂದು ಸಲ ನೋಡಿದ್ದೀನಿ, ದೊಡ್ಡ ಮೈಯ ಮನುಷ್ಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದು.


ಅದೇ ದಿನ. ಮಧ್ಯಾಹ್ನ 3

ಬೆಳಗಿನ ಪಾಳಿ ಮುಗಿಸಿ ಬಂದರು. ಕಾಲು ತೊಳೆದರು. ಈಗ ನನ್ನ ಎದುರಿಗೇ ಕುಂತಾರೆ, ಯೂನಿಫಾರ್ಮಿನ ಗುಂಡಿ ಬಿಚ್ಚುತ್ತಾ.

"ಕುಬಸದ ಸೀರಿ ಆರಿಸ್ದೇನು?" ಅಂದರು.

"ಇಲ್ಲ," ಅಂದೆ.

"ಮತ್ತೇನ್ ಬರೀಲಕತ್ತಿ ಅಷ್ಟು? ಸಾಮಾನಿನ ಪಟ್ಟಿ?"

"ಇಲ್ರೀ. ಒಂದು ಮಾತು ಹೇಳೂದದ."

"ಹೇಳು."

ಹೇಳುವಲ್ಲೆ. ಬರೆಯುತ್ತಲೇ ಇದ್ದೀನಿ. ಇವರು ಕಾಯುತ್ತಿದ್ದಾರೆ. ನಗು ಸಣ್ಣಗಾಗುತ್ತಾ ಬಂತು. "ರಾಜಿ?" ಅಂದರು. ಎಷ್ಟು ವರ್ಷದ ಮೇಲೆ ಹೆಸರು ಹಿಡಿದು ಕರೆದರು. "ರಾಜಿ, ಏನಾತು?"

ನಾಲಿಗೆಗೆ ಆಗದ್ದು ಕೈಗಾಗುತ್ತದೆ. ಹಾಳೆ ತಿರುವಿ ಇವರ ತೊಡೆ ಮೇಲೆ ಇಡುತ್ತೀನಿ. ನಿಧಾನ ಓದುವ ಮನುಷ್ಯ, ಬೆರಳಿಟ್ಟು ಓದ್ತಾರೆ. ಓದಲಿ. ಓದಿ ಮುಗಿಯುವವರೆಗೆ ಇಲ್ಲೇ ಕುಂತಿರ್ತೀನಿ, ಒಲೆ ಕಡೆ ಏಳೋದಿಲ್ಲ.

ರೀ, ಜನವರಿ ಹದಿಮೂರರಿಂದ ಓದ್ರಿ. ನಾನು ನಿಮಗ ಹೇಳಲಾರದ್ದು ಎಲ್ಲಾ ಇದರಾಗ ಅದ.